ತರ್ಕವನ್ನು ನೆನಪಿನಲ್ಲಿಡುವ ದಾರಿಗಳು: ಪಟ್ಟಿಯೋ, ಚೀಟಿಯೋ, ತಪ್ಪಿನ ಪುಸ್ತಕವೋ?

ಅಕ್ಕನ ಮಗಳು ದ್ವಿತೀಯ ಪಿಯುಸಿಗೆ ಬಂದ ವರ್ಷ, ಕಾನೂನು ಓದಲು ಬರೆಯಬೇಕಾದ ಪ್ರವೇಶ ಪರೀಕ್ಷೆಗೆಂದು ಸಿದ್ಧಪಡಿಸಿದ ಒಂದು ಉದ್ದನೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಎಡಗಡೆ ಕೆಂಪು ಶಾಯಿಯಲ್ಲಿ ತರ್ಕದೋಷಗಳ ಹೆಸರು, ಬಲಗಡೆ ನೀಲಿ ಶಾಯಿಯಲ್ಲಿ ಒಂದೊಂದರ ವ್ಯಾಖ್ಯೆ. ಎಣಿಸಿದೆ, 43 ಇದ್ದವು. “ಎಲ್ಲಿಂದ ಬೇಕಾದರೂ ಕೇಳು ಚಿಕ್ಕಮ್ಮಾ” ಎಂದಳು. ಕೇಳಿದೆ. ಒಂದನ್ನೂ ಬಿಡದೆ ಒಪ್ಪಿಸಿದಳು. ಅದೇ ವಾರದ ಅಣಕು ಪರೀಕ್ಷೆಯಲ್ಲಿ ತರ್ಕದ 24 ಪ್ರಶ್ನೆಗಳ ಪೈಕಿ ಅವಳಿಗೆ ಸರಿಯಾದದ್ದು 11.

ಓದಲಿಲ್ಲ ಎಂದು ಅವಳನ್ನು ಗದರಿಸುವಂತಿರಲಿಲ್ಲ. ಮೂರು ತಿಂಗಳು ಬೆಳಗಿನ ಜಾವ ಎದ್ದು ಓದಿದ್ದಳು. ದೋಷದ ಹೆಸರು ಬಾಯಲ್ಲಿತ್ತು. ಅದೇ ದೋಷ ಪತ್ರಿಕೆಯ ಸಂಪಾದಕೀಯದಂಥ ಗದ್ಯದೊಳಗೆ ಕುಳಿತು ಎದುರಾದಾಗ ಗುರುತು ಹತ್ತಲಿಲ್ಲ. ಆ ದಿನ ನನಗೆ ನಿಜಕ್ಕೂ ಬೇಸರವಾಯಿತು, ಏಕೆಂದರೆ ಅಷ್ಟೇ ಶ್ರಮವನ್ನು ಬೇರೆ ರೀತಿಯಲ್ಲಿ ಹಾಕಿದ್ದರೆ ಫಲ ಬೇರೆಯೇ ಇರುತ್ತಿತ್ತು. ಅಂದಿನಿಂದ, ಅವಳ ಜೊತೆಗೂ ಸಂಜೆ ನನ್ನ ಕಚೇರಿಯ ಹಿಂದಿನ ಕೋಣೆಗೆ ಓದಲು ಬರುವ ಐದಾರು ಮಕ್ಕಳ ಜೊತೆಗೂ ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದ್ದೇನೆ. ಯಾವುದು ಯಾರಿಗೆ ಹೊಂದುತ್ತದೆ ಎಂಬ ಬಗ್ಗೆ ನನಗೀಗ ಒಂದು ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆ ಕೇಳುವುದೇನು

ದಾರಿ ಆರಿಸುವ ಮೊದಲು ಹೋಗಬೇಕಾದ ಊರು ಯಾವುದೆಂದು ತಿಳಿದಿರಬೇಕು. ಕರ್ನಾಟಕದಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಹೆಚ್ಚಿನ ಕಾಲೇಜುಗಳಲ್ಲಿ ಪಿಯುಸಿ ಅಂಕಗಳ ಮೇಲೆಯೇ ಪ್ರವೇಶ ಸಿಗುತ್ತದೆ. ಅಲ್ಲಿಗೆ ಹೋಗುವವರು ಈ ಬರಹವನ್ನು ಓದಬೇಕಾದ ತುರ್ತಿಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಹೋಗಬೇಕಾದರೆ ಕ್ಲಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 2008ಕ್ಕೆ ಮೊದಲು ಒಂದೊಂದು ವಿಶ್ವವಿದ್ಯಾಲಯವೂ ತನ್ನದೇ ಪರೀಕ್ಷೆ ನಡೆಸುತ್ತಿತ್ತು. ಆ ವರ್ಷದಿಂದ ಒಂದೇ ಪರೀಕ್ಷೆಯಾಯಿತು. 2020ರಿಂದ ಪ್ರಶ್ನೆಗಳೆಲ್ಲ ಗದ್ಯಭಾಗಗಳನ್ನು ಆಧರಿಸಿ ಬರುತ್ತಿವೆ. 2023ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯಿಂದ ಪ್ರಶ್ನೆಗಳ ಸಂಖ್ಯೆ 150ರಿಂದ 120ಕ್ಕೆ ಇಳಿಯಿತು. ಸಮಯ ಮೊದಲಿನಂತೆ 120 ನಿಮಿಷವೇ. ಅದರಲ್ಲಿ ತರ್ಕದ ಪಾಲು 22ರಿಂದ 26 ಪ್ರಶ್ನೆ. ಸುಮಾರು 450 ಪದಗಳ ಇಂಗ್ಲಿಷ್ ಗದ್ಯ, ಅದರ ಕೆಳಗೆ ಸಾಲಾಗಿ ಪ್ರಶ್ನೆಗಳು. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ.

ಪರೀಕ್ಷೆ ನಡೆಸುವವರು ಪ್ರಕಟಿಸಿರುವ ಪಠ್ಯಕ್ರಮದಲ್ಲಿ ದೋಷಗಳ ಹೆಸರು ಹೇಳಿ ಎಂಬ ಮಾತು ಎಲ್ಲಿಯೂ ಇಲ್ಲ. ವಾದವನ್ನು ಗುರುತಿಸಿ, ಅದರ ಕಾರಣಗಳನ್ನೂ ತೀರ್ಮಾನವನ್ನೂ ಬೇರ್ಪಡಿಸಿ, ಕಾರಣ ಬದಲಾದರೆ ತೀರ್ಮಾನ ನಿಲ್ಲುತ್ತದೆಯೇ ನೋಡಿ, ಓದಿದ್ದರಿಂದ ಏನು ಹೊರಡುತ್ತದೆ ಹೇಳಿ, ಎರಡು ಮಾತುಗಳ ನಡುವಿನ ವಿರೋಧವನ್ನು ಹಿಡಿಯಿರಿ: ಕೇಳುವುದು ಇಷ್ಟನ್ನು. ಇವೆಲ್ಲ ಮಾಡುವ ಕೆಲಸಗಳು, ಒಪ್ಪಿಸುವ ಪಾಠಗಳಲ್ಲ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನಿಂದ ಹೊರಗಿದೆ. ಅದರ ಐಲೆಟ್ ಪರೀಕ್ಷೆಯ 150 ಪ್ರಶ್ನೆಗಳಲ್ಲಿ 70 ತರ್ಕದ್ದೇ, ಆದ್ದರಿಂದ ಅದನ್ನು ಬರೆಯುವವರಿಗೆ ಈ ಆಯ್ಕೆ ಇನ್ನೂ ಮುಖ್ಯ. ಅಮೆರಿಕದಲ್ಲಿ ಕಾನೂನು ಓದಲು ಹೊರಟವರು ಬರೆಯುವುದು ಎಲ್‌ಸ್ಯಾಟ್. 2024ರ ಆಗಸ್ಟ್‌ನಿಂದ ಅದರಲ್ಲಿ ಒಗಟಿನಂಥ ‘ಲಾಜಿಕ್ ಗೇಮ್ಸ್’ ಭಾಗವೇ ಇಲ್ಲ. ಅಂಕಕ್ಕೆ ಲೆಕ್ಕವಾಗುವ ಮೂರು ಭಾಗಗಳಲ್ಲಿ ಎರಡು ತರ್ಕದವು, ಒಂದೊಂದಕ್ಕೆ 35 ನಿಮಿಷ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ಅಂಗಡಿಗಳಲ್ಲಿ ಎಲ್‌ಸ್ಯಾಟ್ ಎಂಬ ಹೆಸರು ಹೊತ್ತ ದಪ್ಪ ಪುಸ್ತಕಗಳು ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವ ಮುನ್ನ ಮುದ್ರಣದ ವರ್ಷ ನೋಡಿ. ಕೆಲವುಗಳಲ್ಲಿ ಅರ್ಧ ಪುಸ್ತಕ ಈಗ ರದ್ದಾದ ಒಗಟುಗಳೇ. ಭಾರತದ ಕೆಲವು ಖಾಸಗಿ ಕಾಲೇಜುಗಳಿಗಾಗಿ ನಡೆಯುತ್ತಿದ್ದ ಎಲ್‌ಸ್ಯಾಟ್ ಇಂಡಿಯಾ 2024ರ ನಂತರ ನಿಂತುಹೋಗಿದೆ, ಆದರೆ ಅದರ ಹಳೆಯ ತರ್ಕದ ಪ್ರಶ್ನೆಗಳು ಅಭ್ಯಾಸಕ್ಕೆ ಇಂದಿಗೂ ಚೆನ್ನ.

ಪಟ್ಟಿ ಮಾಡಿ ಬಾಯಿಪಾಠ

ನಮ್ಮಲ್ಲಿ ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಮಗ್ಗಿಯನ್ನೂ ಕಾಗುಣಿತವನ್ನೂ ಹೀಗೆಯೇ ಕಲಿತವರು ನಾವು, ಅದನ್ನು ಹೀಗಳೆಯುವುದು ನ್ಯಾಯವಲ್ಲ. ಪಟ್ಟಿಯಿಂದ ಒಂದು ನಿಜವಾದ ಉಪಯೋಗವೂ ಇದೆ: ತರ್ಕವೆಂದರೆ ಏನೇನು ಎಂಬ ನಕ್ಷೆ ಒಂದೇ ವಾರದಲ್ಲಿ ಕೈಗೆ ಸಿಗುತ್ತದೆ. ‘ವ್ಯಕ್ತಿಯ ಮೇಲೆ ದಾಳಿ’, ‘ಎದುರಾಳಿ ಹೇಳದ ಮಾತನ್ನು ಅವನ ಬಾಯಿಗೆ ತುರುಕುವುದು’, ‘ಎರಡೇ ದಾರಿ ಎಂದು ಹೆದರಿಸುವುದು’ ಇಂಥ ದೋಷಗಳಿವೆ ಎಂಬುದೇ ಗೊತ್ತಿಲ್ಲದವರಿಗೆ ಆ ಪರಿಚಯ ಬೇಕು.

ಆದರೆ ಅಮೂರ್ತವಾಗಿ ಕಲಿತ ನಿಯಮ ಕೈಗೆ ಬರುವುದು ಎಷ್ಟು ಕಷ್ಟ ಎಂಬುದಕ್ಕೆ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಸಾಕ್ಷಿ. ಅದನ್ನು ಕನ್ನಡಕ್ಕೆ ಒಗ್ಗಿಸಿ ಹೇಳುತ್ತೇನೆ. ಮೇಜಿನ ಮೇಲೆ ನಾಲ್ಕು ಚೀಟಿ: ಅ, ಕ, 4, 7. ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ನಿಯಮ: ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರಬೇಕು. ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ಯಾವ ಚೀಟಿಗಳನ್ನು ತಿರುಗಿಸುತ್ತೀರಿ? ಬಹಳಷ್ಟು ಜನ ‘ಅ’ ಮತ್ತು 4 ಎನ್ನುತ್ತಾರೆ. ಸರಿ ಉತ್ತರ ‘ಅ’ ಮತ್ತು 7. ನಾಲ್ಕರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. ಏಳರ ಹಿಂದೆ ಸ್ವರವಿದ್ದರೆ ಮಾತ್ರ ನಿಯಮ ಮುರಿಯುತ್ತದೆ. 1982ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದೇ ಪ್ರಶ್ನೆಯನ್ನು ‘ಬಿಯರ್ ಕುಡಿಯುತ್ತಿದ್ದರೆ ಆ ವ್ಯಕ್ತಿಗೆ ನಿಗದಿತ ವಯಸ್ಸಾಗಿರಬೇಕು’ ಎಂಬ ನಿಯಮವಾಗಿ ಬದಲಿಸಿ ಕೇಳಿದಾಗ ಹೆಚ್ಚಿನವರು ಥಟ್ಟನೆ ಸರಿ ಹೇಳಿದರು. ಬಿಯರ್ ಹಿಡಿದವನ ವಯಸ್ಸು ಕೇಳಬೇಕು, ಚಿಕ್ಕವನ ಲೋಟದಲ್ಲಿ ಏನಿದೆ ನೋಡಬೇಕು. ಹಿರಿಯನ ಲೋಟ ನೋಡುವ ಅಗತ್ಯವೇ ಇಲ್ಲ. ಎರಡರ ತರ್ಕವೂ ಒಂದೇ. ಒಂದಕ್ಕೆ ಮೈಯಿದೆ, ಇನ್ನೊಂದಕ್ಕಿಲ್ಲ.

ಆದ್ದರಿಂದ ಪಟ್ಟಿಯನ್ನು ಬಿಸಾಡಬೇಡಿ, ಕುಗ್ಗಿಸಿ. 43ರಲ್ಲಿ ಪದೇ ಪದೇ ಪರೀಕ್ಷೆಗೆ ಬರುವಂಥದ್ದು ಇಪ್ಪತ್ತು ದಾಟುವುದಿಲ್ಲ ಎಂಬುದು ನನ್ನ ಅಂದಾಜು. ಲ್ಯಾಟಿನ್ ಹೆಸರುಗಳು ಪೂರ್ತಿ ಮರೆತುಹೋದರೂ ಅಂಕಕ್ಕೆ ನಷ್ಟವಿಲ್ಲ. ಕುಗ್ಗಿಸಿದ ಪಟ್ಟಿಯ ಒಂದೊಂದು ನಿಯಮಕ್ಕೂ ನಿಮ್ಮದೇ ಬದುಕಿನ ಒಂದು ಉದಾಹರಣೆ ಕಟ್ಟಿಕೊಳ್ಳಿ. ಬಾಯಿಪಾಠ ಮಾಡಬೇಕಾದದ್ದು ಆ ಉದಾಹರಣೆಯನ್ನು.

ಚೀಟಿ ಕಟ್ಟು

ಇದು ನನಗೆ ಅತ್ಯಂತ ಪ್ರಿಯವಾದ ದಾರಿ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಚೀಟಿಯ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ಉತ್ತರ ನೋಡುವ ಮೊದಲು ಬಾಯಿಬಿಟ್ಟು ಹೇಳಬೇಕು. ಸರಿ ಹೇಳಿದ ಚೀಟಿ ಡಬ್ಬಿಯ ಮುಂದಿನ ಖಾನೆಗೆ ಹೋಗುತ್ತದೆ, ಅದನ್ನು ಮೂರು ದಿನ ಬಿಟ್ಟು ನೋಡಬಹುದು. ಅಲ್ಲಿಂದಲೂ ದಾಟಿದರೆ ವಾರ ಬಿಟ್ಟು. ತಪ್ಪಿದ ಚೀಟಿ ಮೊದಲ ಖಾನೆಗೆ ಮರಳಿ ನಾಳೆಯೇ ಎದುರಾಗುತ್ತದೆ. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮವಿದು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಹೆಚ್ಚು ಬಾಳುತ್ತದೆ ಎಂಬುದನ್ನು 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ, ನೆನಪಿಸಿಕೊಂಡು ಬರೆದಿದ್ದವರು ಅವರನ್ನು ಹಿಂದೆ ಹಾಕಿದ್ದರು. ಮತ್ತೆ ಓದುವಾಗ ‘ಗೊತ್ತಿದೆ’ ಅನ್ನಿಸುವ ಆ ನೆಮ್ಮದಿಯೇ ಅಣಕು ಪರೀಕ್ಷೆಯ ದಿನ ಕೈಕೊಡುತ್ತದೆ.

ಚೀಟಿಯ ಗುಣ ನಿಂತಿರುವುದು ಅದರ ಮೇಲೆ ಏನು ಬರೆಯುತ್ತೀರಿ ಎಂಬುದರಲ್ಲಿ. “ಕಾಂಟ್ರಾಪಾಸಿಟಿವ್ ಎಂದರೇನು?” ಎಂದು ಬರೆದರೆ ಅದು ಹರಿದು ತುಂಡಾದ ಪಟ್ಟಿ ಅಷ್ಟೇ. ನನ್ನ ಕೋಣೆಯಲ್ಲಿ ಎಲ್ಲ ಮಕ್ಕಳೂ ಬರೆಯುವ ಮೊದಲ ಚೀಟಿ ಹೀಗಿರುತ್ತದೆ. ಮುಂಬದಿ: “ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ. ಇದರಿಂದ ಏನು ಹೊರಡುತ್ತದೆ? ಏನು ಹೊರಡುವುದಿಲ್ಲ?” ಹಿಂಬದಿ: “ಕೆರೆ. ಕಾದ ಕಬ್ಬಿಣ. ಹಸಿ ಸೌದೆ.”

ಮೂರೂ ನಮ್ಮ ಹಳೆಯ ತರ್ಕ ಪರಂಪರೆಯಾದ ನ್ಯಾಯಶಾಸ್ತ್ರದವರು ಶತಮಾನಗಳಿಂದ ಹೇಳಿಕೊಂಡು ಬಂದ ಉದಾಹರಣೆಗಳು. ದೂರದ ಬೆಟ್ಟದಲ್ಲಿ ಹೊಗೆ ಕಂಡಿತು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ್ದೇವೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ. ಇದನ್ನು ತಿರುವಿ ಹಾಕಿದರೆ, ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ. ಕಾಂಟ್ರಾಪಾಸಿಟಿವ್ ಎಂದರೆ ಇದೇ. ಅದಕ್ಕೆ ಕೆರೆ ಉದಾಹರಣೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆಯೇ? ಕುಲುಮೆಯಿಂದ ಹೊರತೆಗೆದ ಕಬ್ಬಿಣದ ಉಂಡೆಯನ್ನು ನೋಡಿ: ಕೆಂಡದಂತೆ ಉರಿಯುತ್ತದೆ, ಹೊಗೆ ಇಲ್ಲ. ಆದ್ದರಿಂದ ಈ ಎರಡನೆಯ ತಿರುವು ತಪ್ಪು. ಬೆಂಕಿ ಹೊಗೆಯಾಡಲು ಹಸಿ ಸೌದೆ ಎಂಬ ಇನ್ನೊಂದು ಷರತ್ತು ಬೇಕು. ‘ಎ ಇದ್ದರೆ ಬಿ’ ಎಂಬ ಮಾತಿನಿಂದ ‘ಬಿ ಇದ್ದರೆ ಎ’ ಎಂದು ಹೊರಡಿಸಿಬಿಡುವುದು ಈ ಪರೀಕ್ಷೆಗಳ ಅತಿ ಸಾಮಾನ್ಯ ಬಲೆ. ಆ ಬಲೆ ಎದುರಾದಾಗ ಮಕ್ಕಳು ಪುಸ್ತಕದ ಅಂಚಿನಲ್ಲಿ ‘ಕಬ್ಬಿಣ’ ಎಂದು ಗೀಚುವುದನ್ನು ನೋಡಿದ್ದೇನೆ. ನನಗೆ ಅದಕ್ಕಿಂತ ಸಂತೋಷ ಕೊಡುವ ಗುರುತು ಬೇರೆಯಿಲ್ಲ.

ಒಮ್ಮೆ ಒಬ್ಬ ಹುಡುಗ ಕೇಳಿದ: ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಬಿದ್ದು ಹೊಗೆ ಎದ್ದಿತಲ್ಲ, ಆಗ ಉದಾಹರಣೆ ಸುಳ್ಳಾಗಲಿಲ್ಲವೇ? ಎಷ್ಟು ಒಳ್ಳೆಯ ಪ್ರಶ್ನೆ. ಸುಳ್ಳಾದದ್ದು ‘ಕೆರೆಯಲ್ಲಿ ಬೆಂಕಿ ಇರುವುದಿಲ್ಲ’ ಎಂಬ ಕಾರಣವಾಕ್ಯ. ‘ಬೆಂಕಿ ಇಲ್ಲದಲ್ಲಿ ಹೊಗೆ ಇಲ್ಲ’ ಎಂಬ ನಿಯಮ ಹಾಗೆಯೇ ಉಳಿಯಿತು, ಏಕೆಂದರೆ ಅಲ್ಲಿ ಹೊಗೆಯ ಜೊತೆ ಬೆಂಕಿಯೂ ಇತ್ತು. ಹೇಳಿದ ಸಂಗತಿ ನಿಜವೇ ಎಂಬುದು ಒಂದು ಪ್ರಶ್ನೆ, ಆ ಸಂಗತಿಯಿಂದ ತೀರ್ಮಾನ ಹೊರಡುತ್ತದೆಯೇ ಎಂಬುದು ಇನ್ನೊಂದು. ಆ ಹುಡುಗನ ಪ್ರಶ್ನೆಯೇ ಈಗ ಎಲ್ಲರ ಕಟ್ಟಿನಲ್ಲಿ ಎರಡನೆಯ ಚೀಟಿ.

ಕಾಗದವೋ ಮೊಬೈಲೋ? ಆಂಕಿ ಎಂಬ ಆ್ಯಪ್ ಕಂಪ್ಯೂಟರ್‌ನಲ್ಲಿಯೂ ಆಂಡ್ರಾಯ್ಡ್‌ನಲ್ಲಿಯೂ ಉಚಿತ, ಐಫೋನ್‌ನಲ್ಲಿ ಹಣ ಕೊಡಬೇಕು. ಯಾವ ಚೀಟಿಯನ್ನು ಯಾವಾಗ ತೋರಿಸಬೇಕೆಂಬ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ನೂರಾರು ಚೀಟಿಗಳಿದ್ದರೆ, ಉದಾಹರಣೆಗೆ ಪ್ರಚಲಿತ ವಿದ್ಯಮಾನಕ್ಕೆ, ಅದೇ ಸರಿ. ತರ್ಕಕ್ಕೆ ಬೇಕಾಗುವುದು 50–60 ಚೀಟಿ. ಅಷ್ಟಕ್ಕೆ ಹಳೆಯ ಮದುವೆ ಕಾಗದದ ಹಿಂಬದಿ ಮತ್ತು ಒಂದು ಸಿಹಿಡಬ್ಬಿ ಸಾಕು. ಮೊಬೈಲ್ ಕೈಯಲ್ಲಿದ್ದರೆ ಗಮನ ಎಲ್ಲೆಲ್ಲಿ ಹರಿಯುತ್ತದೆ ಎಂಬುದು ಮಕ್ಕಳಿಗೇ ಗೊತ್ತು. ಬೇರೆಯವರು ಮಾಡಿಟ್ಟ ಸಿದ್ಧ ಚೀಟಿಗಳನ್ನು ಇಳಿಸಿಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಚೀಟಿ ಬರೆಯುವಾಗ ಉದಾಹರಣೆಗಾಗಿ ತಡಕಾಡುವ ಆ ಹತ್ತು ನಿಮಿಷವೇ ಅರ್ಧ ಕಲಿಕೆ.

ಚೀಟಿಯ ಕೊರತೆಯನ್ನೂ ಹೇಳಬೇಕು. ಚೀಟಿ ಎರಡು ಸಾಲಿನದು, ಪರೀಕ್ಷೆ 450 ಪದದ್ದು. ಚೀಟಿಯಲ್ಲಿ ನಿಯಮ ಒಂಟಿಯಾಗಿ ನಿಂತಿರುತ್ತದೆ. ಗದ್ಯಭಾಗದಲ್ಲಿ ಅದು ಹತ್ತು ವಾಕ್ಯಗಳ ನಡುವೆ ಅಡಗಿರುತ್ತದೆ. ಆ ಅಂತರವನ್ನು ತುಂಬುವುದು ಮುಂದಿನ ದಾರಿ.

ತಪ್ಪಿನ ಪುಸ್ತಕ

ಪ್ರತಿ ಅಣಕು ಪರೀಕ್ಷೆಯ ನಂತರ ತಪ್ಪಾದ ಒಂದೊಂದು ಪ್ರಶ್ನೆಗೂ ಮೂರು ಸಾಲು: ನಾನು ಯಾವುದನ್ನು ಆರಿಸಿದೆ, ಅದು ನನ್ನನ್ನು ಏಕೆ ಸೆಳೆಯಿತು, ಅದು ಎಲ್ಲಿ ಮುರಿಯುತ್ತದೆ. ಸರಿ ಉತ್ತರ ಯಾವುದೆಂದು ಬರೆಯುವುದಕ್ಕಿಂತ ಎರಡನೆಯ ಸಾಲು ಮುಖ್ಯ. ಅದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ನಾಚಿಕೆಯಾಗುತ್ತದೆ. ಆದರೂ ಬರೆಯಲೇಬೇಕು.

ಅಕ್ಕನ ಮಗಳ ಪುಸ್ತಕದ ಒಂದು ಪುಟವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬಿಡಿಸುತ್ತೇನೆ. ವಾದ ಹೀಗಿತ್ತು: ಬಸ್ ನಿಲ್ದಾಣದಲ್ಲಿ ಕ್ಯಾಮೆರಾ ಹಾಕಿದ ಮೇಲೆ ಜೇಬುಗಳ್ಳತನದ ದೂರುಗಳು ಅರ್ಧಕ್ಕೆ ಇಳಿದಿವೆ, ಆದ್ದರಿಂದ ಕ್ಯಾಮೆರಾಗಳು ಕಳ್ಳರನ್ನು ಹಿಮ್ಮೆಟ್ಟಿಸಿವೆ. ಈ ವಾದವನ್ನು ದುರ್ಬಲಗೊಳಿಸುವುದು ಯಾವುದು? ಅವಳು ಆರಿಸಿದ್ದು ‘ಕೆಲವು ಕ್ಯಾಮೆರಾಗಳಲ್ಲಿ ರಾತ್ರಿಯ ಚಿತ್ರ ಮಸುಕಾಗಿರುತ್ತದೆ’ ಎಂಬುದನ್ನು. ಸರಿ ಉತ್ತರ ‘ಅದೇ ಅವಧಿಯಲ್ಲಿ ನಿಲ್ದಾಣದಲ್ಲಿದ್ದ ಪೊಲೀಸ್ ಹೊರಠಾಣೆಯನ್ನು ಎರಡು ಕಿಲೋಮೀಟರ್ ಆಚೆಗೆ ಸ್ಥಳಾಂತರಿಸಲಾಯಿತು’ ಎಂಬುದು. ಎರಡನೆಯ ಸಾಲಿನಲ್ಲಿ ಅವಳು ಬರೆದಿದ್ದಳು: “ಕ್ಯಾಮೆರಾವನ್ನು ಬೈದಂತೆ ಕಂಡಿತು, ಅದಕ್ಕೇ ಆರಿಸಿದೆ.” ಮೂರನೆಯ ಸಾಲು: “ಕಳ್ಳನಿಗೆ ಚಿತ್ರ ಮಸುಕೆಂದು ಗೊತ್ತಿರಬೇಕಲ್ಲ. ಕ್ಯಾಮೆರಾ ಕಂಡರೇ ಸಾಕು, ಹೆದರುತ್ತಾನೆ. ಇಳಿದದ್ದು ದೂರು, ಕಳ್ಳತನ ಅಲ್ಲ. ಠಾಣೆ ದೂರವಾದರೆ ದೂರು ಕೊಡುವವರು ಕಡಿಮೆ.”

ಆ ಕೊನೆಯ ಮಾತು ನೋಡಿ: ‘ಇಳಿದದ್ದು ದೂರು, ಕಳ್ಳತನ ಅಲ್ಲ.’ ಕಾರಣವಾಕ್ಯದಲ್ಲಿದ್ದ ಪದ ತೀರ್ಮಾನಕ್ಕೆ ಬರುವಷ್ಟರಲ್ಲಿ ಸದ್ದಿಲ್ಲದೆ ಬೇರೆಯಾಗುವುದು ತರ್ಕದ ಪ್ರಶ್ನೆಗಳ ಜೀವಾಳ. ಇದನ್ನು ಯಾವ ಪಟ್ಟಿಯೂ ಅವಳಿಗೆ ಕಲಿಸಿರಲಿಲ್ಲ. ಇದರ ಬೆನ್ನಿಗೇ ಬರುವುದು, ವಾದ ಹೇಳದೆ ನಂಬಿಕೊಂಡದ್ದನ್ನು ಹುಡುಕುವ ಪ್ರಶ್ನೆ. ಅದಕ್ಕೊಂದು ಪರೀಕ್ಷೆಯಿದೆ: ಆ ನಂಬಿಕೆಯನ್ನು ಇಲ್ಲ ಎಂದು ತಿರುಗಿಸಿ ಓದಿ. ‘ದೂರು ಕೊಡುವುದು ಮೊದಲಿನಷ್ಟೇ ಸುಲಭವಾಗಿ ಉಳಿದಿದೆ’ ಎಂಬುದನ್ನು ‘ಉಳಿದಿಲ್ಲ’ ಎಂದು ತಿರುಗಿಸಿದೊಡನೆ ಇಡೀ ವಾದ ಕುಸಿಯುತ್ತದೆ. ಕುಸಿದರೆ ಅದೇ ಉತ್ತರ.

ತಪ್ಪುಗಳು ನೂರು ತುಂಬಿದ ಮೇಲೆ ಪುಟ ತಿರುವಿದರೆ ನಿಮ್ಮ ಮನಸ್ಸಿನ ಅಭ್ಯಾಸ ಕಣ್ಣಿಗೆ ಕಾಣುತ್ತದೆ. ಒಬ್ಬರು ಲೋಕಾನುಭವಕ್ಕೆ ನಿಜವಾದ, ಆದರೆ ಗದ್ಯಭಾಗದಲ್ಲಿ ಇಲ್ಲದ ಉತ್ತರಕ್ಕೆ ಬೀಳುತ್ತಾರೆ. ಇನ್ನೊಬ್ಬರು ‘ಇರಬಹುದು’ ಎಂಬುದನ್ನು ‘ಇರಲೇಬೇಕು’ ಎಂದು ಓದುತ್ತಾರೆ. ಮತ್ತೊಬ್ಬರಿಗೆ ‘ಎಂದಿಗೂ’, ‘ಎಲ್ಲ’ ಎಂಬ ಅತಿಯಾದ ಪದಗಳು ಕಣ್ಣಿಗೆ ಬೀಳುವುದೇ ಇಲ್ಲ. ಹೆಚ್ಚಿನವರಿಗೆ ಇಂಥ ಮೂರೋ ನಾಲ್ಕೋ ತಪ್ಪುಗಳೇ ತಿರುತಿರುಗಿ ಬರುತ್ತವೆ.

ಇದಕ್ಕೆ ಸಮಯ ಹಿಡಿಯುತ್ತದೆ. ಎರಡು ಗಂಟೆಯ ಪರೀಕ್ಷೆಗೆ ಎರಡು ಗಂಟೆಯ ಪರಿಶೀಲನೆ ಬೇಕು. ಮೂಲಪಾಠವೇ ಗೊತ್ತಿಲ್ಲದವರು ಇಲ್ಲಿಂದ ಆರಂಭಿಸಿದರೆ ಪುಟ ತುಂಬುತ್ತದೆ, ಆದರೆ ಮೂರನೆಯ ಸಾಲು ಖಾಲಿ ಉಳಿಯುತ್ತದೆ. ಮುರಿದದ್ದು ಎಲ್ಲಿ ಎಂದು ಹೇಳಲು ಬೇಕಾದ ಮಾತು ಅವರ ಬಳಿ ಇನ್ನೂ ಇರುವುದಿಲ್ಲ.

ಕನ್ನಡದಲ್ಲಿ ಹೇಳಿ ನೋಡುವುದು

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ದಾರಿಯನ್ನು ಬಿಡಲೇಬಾರದು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ ಯೋಚನೆಯೂ ಇಂಗ್ಲಿಷಿನಲ್ಲೇ ನಡೆಯಬೇಕು ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ನನ್ನ ಅನುಭವ ಬೇರೆ. ತರ್ಕ ಮೊದಲು ತಾಯ್ನುಡಿಯಲ್ಲಿ ಸ್ಪಷ್ಟವಾಗಲಿ, ಆಮೇಲೆ ಇಂಗ್ಲಿಷಿನ ವೇಷದಲ್ಲಿ ಅದನ್ನು ಗುರುತಿಸುವುದನ್ನು ಕಲಿಯಬಹುದು.

‘ಓನ್ಲಿ ಇಫ್’ ಎಂಬ ಎರಡು ಪದಗಳು ಎಷ್ಟು ಜನರನ್ನು ಬೀಳಿಸಿವೆಯೋ ಲೆಕ್ಕವಿಲ್ಲ. ಕನ್ನಡದಲ್ಲಿ ಹೇಳಿ: ಕಾನೂನು ಪದವಿ ಇದ್ದರೆ ಮಾತ್ರ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಪದವಿ ಇದ್ದವರೆಲ್ಲ ನೋಂದಾಯಿತ ವಕೀಲರೇ? ಅಲ್ಲ, ಅರ್ಜಿ ಹಾಕದೆ ಬೇರೆ ಕೆಲಸ ಹಿಡಿದವರು ಎಷ್ಟೋ ಮಂದಿ. ನೋಂದಾಯಿತ ವಕೀಲರಿಗೆಲ್ಲ ಪದವಿ ಇದೆಯೇ? ಇರಲೇಬೇಕು. ಯಾವುದರಿಂದ ಯಾವುದು ಹೊರಡುತ್ತದೆ ಎಂಬುದು ‘ಮಾತ್ರ’ ಎಂಬ ಒಂದು ಪದದಿಂದ ತೀರ್ಮಾನವಾಯಿತು. ‘ಅನ್‌ಲೆಸ್’ ಬಂದಲ್ಲೆಲ್ಲ ‘ಹೊರತು’ ಹಾಕಿ ಓದಿ. ಮಳೆ ನಿಲ್ಲದ ಹೊರತು ಪಂದ್ಯ ಆರಂಭವಾಗದು. ಪಂದ್ಯ ಆರಂಭವಾಗಿದ್ದರೆ ಮಳೆ ನಿಂತಿದೆ ಎಂದಾಯಿತು. ಮಳೆ ನಿಂತರೆ ಪಂದ್ಯ ಆರಂಭವಾಗಿಯೇ ತೀರುತ್ತದೆ ಎಂದು ಯಾರೂ ಹೇಳಿಲ್ಲ. ಮೈದಾನ ಇನ್ನೂ ಒದ್ದೆಯಿರಬಹುದು.

ಕೆಲವು ಕಡೆ ಕನ್ನಡವೇ ಅಡ್ಡ ಬರುತ್ತದೆ, ಅದನ್ನೂ ತಿಳಿದಿರಬೇಕು. ‘ಕೆಲವರು ಬಂದರು’ ಎಂದಾಗ ಎಲ್ಲರೂ ಬರಲಿಲ್ಲ ಎಂದೇ ನಾವು ತಿಳಿಯುತ್ತೇವೆ. ತರ್ಕದಲ್ಲಿ ‘ಸಮ್’ ಎಂದರೆ ಕನಿಷ್ಠ ಒಬ್ಬರು. ಎಲ್ಲರೂ ಇದ್ದರೂ ಮಾತು ಸುಳ್ಳಾಗದು. ಇನ್ನೊಂದು, ವಾಕ್ಯದ ನಡೆ. ನಾವು ಕಾರಣವನ್ನು ಮೊದಲಿಟ್ಟು ತೀರ್ಮಾನವನ್ನು ಕೊನೆಗೆ ತರುತ್ತೇವೆ: ಮಳೆ ಜೋರಾಗಿರುವುದರಿಂದ ಶಾಲೆಗೆ ರಜೆ. ಇಂಗ್ಲಿಷ್ ಗದ್ಯದಲ್ಲಿ ತೀರ್ಮಾನ ಎಷ್ಟೋ ಸಲ ಮೊದಲ ಸಾಲಿನಲ್ಲೇ ಕುಳಿತು, ‘ಬಿಕಾಸ್’, ‘ಸಿನ್ಸ್’, ‘ಫಾರ್’ ಎಂಬ ಪದಗಳ ಹಿಂದೆ ಕಾರಣಗಳು ಆಮೇಲೆ ಬರುತ್ತವೆ. ಕೊನೆಯ ವಾಕ್ಯವೇ ತೀರ್ಮಾನ ಎಂದುಕೊಳ್ಳುವ ತಪ್ಪನ್ನು ನಮ್ಮ ಮಕ್ಕಳು ಹೆಚ್ಚು ಮಾಡುವುದಕ್ಕೆ ಇದೊಂದು ಕಾರಣವಿರಬೇಕು ಎಂದು ನನಗೆ ಅನ್ನಿಸುತ್ತದೆ. ಒಂದು ವಾಕ್ಯಕ್ಕೆ ‘ಏಕೆ?’ ಎಂದು ಕೇಳಿ. ಗದ್ಯದ ಉಳಿದ ಭಾಗ ಅದಕ್ಕೆ ಉತ್ತರ ಕೊಟ್ಟರೆ ತೀರ್ಮಾನ ಅದೇ.

ಕೇಳಿಸಿಕೊಳ್ಳಲು ಒಬ್ಬರಿದ್ದರೆ ಒಳ್ಳೆಯದು. ತಮ್ಮ, ಅಜ್ಜಿ, ಪಕ್ಕದ ಮನೆಯವರು ಯಾರಾದರೂ ಸರಿ. ‘ಈ ಹಾಸ್ಟೆಲ್‌ನ 30 ಹುಡುಗಿಯರಲ್ಲಿ ಹೆಚ್ಚಿನವರು ಕಾಫಿ ಕುಡಿಯುತ್ತಾರೆ, ಹೆಚ್ಚಿನವರು ಐದು ಗಂಟೆಗೆ ಏಳುತ್ತಾರೆ, ಆದ್ದರಿಂದ ಎರಡನ್ನೂ ಮಾಡುವವರು ಇದ್ದೇ ಇರುತ್ತಾರೆ’ ಎಂಬುದನ್ನು ಅಜ್ಜಿಗೆ ಒಪ್ಪಿಸಲು ಹೋದಾಗ 16ಕ್ಕೆ 16 ಸೇರಿದರೆ 32, ಇರುವವರು 30, ಕನಿಷ್ಠ ಇಬ್ಬರು ಎರಡು ಕಡೆಯೂ ಇರಲೇಬೇಕು ಎಂಬ ಲೆಕ್ಕ ತಾನಾಗಿ ಬಾಯಿಗೆ ಬರುತ್ತದೆ. ಹಾಗೆ ಬಂದದ್ದು ಮರೆಯುವುದಿಲ್ಲ.

ಬರೀ ಅಣಕು ಪರೀಕ್ಷೆ

ಏನನ್ನೂ ನೆನಪಿಡದೆ ದಿನಕ್ಕೊಂದು ಪತ್ರಿಕೆ ಬರೆಯುತ್ತ ಹೋದರೆ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ವೇಗ ಬರುತ್ತದೆ, ಅದು ನಿಜ. ಪ್ರಶ್ನೆಗೊಂದು ನಿಮಿಷ, ಅದರಲ್ಲೇ ಗದ್ಯವನ್ನೂ ಓದಬೇಕಾದ ಪರೀಕ್ಷೆಗೆ ವೇಗ ಬೇಕು. ಆದರೆ ತಪ್ಪೂ ಅದೇ ವೇಗದಲ್ಲಿ ರೂಢಿಯಾಗುತ್ತದೆ. ಚಿಕ್ಕಂದಿನಿಂದ ಇಂಗ್ಲಿಷ್ ಪತ್ರಿಕೆ ಓದಿ ಬೆಳೆದ, ಮೊದಲ ಪರೀಕ್ಷೆಯಲ್ಲೇ 24ಕ್ಕೆ 18–19 ತೆಗೆಯುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಕ್ಲಾಟ್‌ನ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 2020ಕ್ಕೆ ಹಿಂದಿನವು ಬೇರೆ ಮಾದರಿಯವು, ಅವುಗಳ ಮೇಲೆ ಸಮಯ ಹಾಕಬೇಡಿ.

ಯಾರು ಯಾವುದನ್ನು ಹಿಡಿಯಬೇಕು

ತರಬೇತಿ ಕೇಂದ್ರಕ್ಕೆ ಸೇರಬೇಕೇ ಬೇಡವೇ ಎಂದು ತಂದೆತಾಯಿ ಮೊದಲು ಕೇಳುತ್ತಾರೆ. ತರ್ಕದ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಅಲ್ಲಿಯೂ ಪಟ್ಟಿಯೇ ಸಿಗುವುದಾದರೆ ಮನೆಯಲ್ಲಿ ಚೀಟಿ ಬರೆಯುವ ಕೆಲಸ ತಪ್ಪುವುದಿಲ್ಲ.

ಮೊದಲು ಒಂದು ಹಳೆಯ ಪತ್ರಿಕೆಯ ತರ್ಕದ ಭಾಗವನ್ನು ಗಡಿಯಾರ ಇಲ್ಲದೆ ಬರೆಯಿಸಿ ನೋಡಿ. ಬೇಕಾದಷ್ಟು ಸಮಯ ಕೊಟ್ಟರೂ ಅರ್ಧಕ್ಕಿಂತ ಹೆಚ್ಚು ತಪ್ಪಾದರೆ ಮೂಲಪಾಠವೇ ಆಗಿಲ್ಲ: ಒಂದು ವಾರ ಕುಗ್ಗಿಸಿದ ಪಟ್ಟಿ, ಆಮೇಲೆ ಆರು ವಾರ ಚೀಟಿ, ಜೊತೆಗೆ ಕನ್ನಡದಲ್ಲಿ ಹೇಳಿ ನೋಡುವುದು. ಈ ಅವಧಿಯಲ್ಲಿ ಪೂರ್ಣ ಅಣಕು ಪರೀಕ್ಷೆ ಬೇಡ. ಬರುವ ಕಡಿಮೆ ಅಂಕ ಮಕ್ಕಳ ಧೈರ್ಯವನ್ನು ಕುಂದಿಸುತ್ತದೆ. ನಿಯಮ ಕೇಳಿದರೆ ಹೇಳುತ್ತಾರೆ ಆದರೆ ಗದ್ಯದಲ್ಲಿ ಕಾಣುವುದಿಲ್ಲ ಎಂದಾದರೆ, ನನ್ನ ಅಕ್ಕನ ಮಗಳ ಸ್ಥಿತಿ ಇದೇ ಆಗಿತ್ತು, ಹೊಸ ಚೀಟಿ ಬರೆಯುವುದನ್ನು ನಿಲ್ಲಿಸಿ ತಪ್ಪಿನ ಪುಸ್ತಕಕ್ಕೆ ಹೋಗಬೇಕು. ಸಮಯ ಸಿಕ್ಕರೆ ಸರಿ, ಗಡಿಯಾರ ಇಟ್ಟರೆ ತಪ್ಪು ಎಂದಾದರೆ ಆಗ ಅಣಕು ಪರೀಕ್ಷೆಗಳು.

ಪರೀಕ್ಷೆಗೆ ಎರಡೇ ತಿಂಗಳಿದ್ದರೆ ಚೀಟಿ 25ಕ್ಕೆ ನಿಲ್ಲಲಿ: ಷರತ್ತಿನ ವಾಕ್ಯಗಳು, ಹೇಳದ ನಂಬಿಕೆ, ಬಲಪಡಿಸುವುದು ದುರ್ಬಲಗೊಳಿಸುವುದು, ಕಾರಣ ಮತ್ತು ಕಾಕತಾಳೀಯ, ‘ಇರಬಹುದು’ ಮತ್ತು ‘ಇರಲೇಬೇಕು’. ಉಳಿದ ಸಮಯವೆಲ್ಲ ತಪ್ಪಿನ ಪುಸ್ತಕಕ್ಕೆ. ಎಲ್‌ಸ್ಯಾಟ್ ಬರೆಯುವವರಿಗೆ ಈ ಕ್ರಮ ಹಾಗೆಯೇ ಸಲ್ಲುತ್ತದೆ, ಆದರೆ ಅಲ್ಲಿನ ಆಯ್ಕೆಗಳು ಇನ್ನೂ ಸೂಕ್ಷ್ಮವಾಗಿರುತ್ತವೆ, ಪುಸ್ತಕ ಇನ್ನೂ ದಪ್ಪವಾಗಬೇಕು. ಅಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕ್ಲಾಟ್‌ನಲ್ಲಿ ನಾಲ್ಕು ತಪ್ಪು ಉತ್ತರ ಒಂದು ಸರಿ ಉತ್ತರವನ್ನು ನುಂಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಕಾರಣ ಕೊಟ್ಟು ಹೊಡೆದುಹಾಕಿದ ಮೇಲಷ್ಟೇ ಊಹಿಸಿ.

ನಮ್ಮ ಮಕ್ಕಳಿಗೆ ಇನ್ನೊಂದು ವಿಷಯ ತಿಳಿದಿರಲಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟುಗಳ ಮೀಸಲಾತಿ ಇದೆ. ಅರ್ಜಿಯಲ್ಲಿ ಅದನ್ನು ನಮೂದಿಸಲು ಮರೆಯುವವರಿದ್ದಾರೆ.

ಅಕ್ಕನ ಮಗಳು ಪರೀಕ್ಷೆಯ ಹಿಂದಿನ ವಾರ ಡಬ್ಬಿ ತೆರೆದಾಗ ಮೊದಲ ಖಾನೆಯಲ್ಲಿ ಉಳಿದಿದ್ದದ್ದು ನಾಲ್ಕು ಚೀಟಿ. ಮೂರು ‘ಹೊರತು’ ಕುರಿತವು, ಒಂದು ಹಾಸ್ಟೆಲ್ ಹುಡುಗಿಯರದು. ಉಳಿದ 50ನ್ನು ಅವಳು ಆಗಲೇ ತಮ್ಮನಿಗೆ ಕೊಟ್ಟುಬಿಟ್ಟಿದ್ದಳು. ಅವನು ಒಂಬತ್ತನೆಯ ತರಗತಿ. ಕಾದ ಕಬ್ಬಿಣದ ಚೀಟಿಯ ಹಿಂದೆ ಕುಲುಮೆಯ ಚಿತ್ರ ಬಿಡಿಸಿಟ್ಟಿದ್ದಾನೆ.